600 ಸಾಲಿನ .ಬ್ಯಾಶ್‌ಆರ್‌ಸಿ: ಒಡೆಯುವುದು ಹೇಗೆ, ಇಡುವುದು ಎಲ್ಲಿ?

ಪ್ರಶ್ನೆ: ಏಲಿಯಾಸ್ (ಕಮಾಂಡಿನ ಅಡ್ಡಹೆಸರು), ಪಾತ್ (ಪ್ರೋಗ್ರಾಂ ಹುಡುಕುವ ಫೋಲ್ಡರ್‌ಗಳ ಪಟ್ಟಿ), ಪ್ರಾಂಪ್ಟ್, ಎಪಿಐ ಟೋಕನ್ (ಆನ್‌ಲೈನ್ ಸೇವೆಯ ರಹಸ್ಯ ಕೀ) ಎಲ್ಲ .ಬ್ಯಾಶ್‌ಆರ್‌ಸಿ ಎಂಬ ಒಂದೇ ಫೈಲಿನಲ್ಲಿ ತುಂಬಿವೆ. ಟರ್ಮಿನಲ್‌ನಲ್ಲಿ ಕಮಾಂಡ್ ಓಡಿಸುವ ಬ್ಯಾಶ್ ಶೆಲ್ ಶುರುವಾಗುವಾಗ ಓದುವ ಫೈಲ್ ಅದು. ಲಿನಕ್ಸ್ ಲ್ಯಾಪ್‌ಟಾಪ್, ಮ್ಯಾಕ್, ಒಂದು ಸರ್ವರ್, ಮೂರಕ್ಕೂ ಹೊಂದುವಂತೆ ಗಿಟ್‌ಗೆ (ಬದಲಾವಣೆಗಳ ಹಿಸ್ಟರಿ ಇಡುವ ಟೂಲ್) ಹಾಕಬೇಕು. ಇಂಥ ಫೈಲುಗಳನ್ನು ನೋಡಿಕೊಳ್ಳಲು ಸ್ಟೋ, ಶೇಮ್ವಾ ಎಂಬ ಟೂಲ್‌ಗಳು, ಇಲ್ಲವೇ ಗಿಟ್‌ನದೇ ಬೇರ್ ರೆಪೊ (ರೆಪೊ ಎಂದರೆ ಗಿಟ್ ಭಂಡಾರ), ಯಾವುದು ಒಳ್ಳೆಯದು? ಬಳಸಿದವರು ಹೇಳಿ.

ಉತ್ತರ: ಟೂಲ್ ವಿಚಾರ ಆಮೇಲೆ. ಶೆಲ್ ಯಾವ ಫೈಲನ್ನು ಯಾವಾಗ ಓದುತ್ತದೆ ಎಂಬುದನ್ನು ನೋಡಿಕೊಂಡು ಮೊದಲು ಒಡೆಯಿರಿ. ಲಾಗಿನ್ ಶೆಲ್ ಆಗಿ (ಯಂತ್ರಕ್ಕೆ ಲಾಗಿನ್ ಆದಾಗ) ಶುರುವಾದ ಬ್ಯಾಶ್ .ಬ್ಯಾಶ್_ಪ್ರೊಫೈಲ್, .ಬ್ಯಾಶ್_ಲಾಗಿನ್, .ಪ್ರೊಫೈಲ್ ಎಂಬ ಕ್ರಮದಲ್ಲಿ ಹುಡುಕಿ, ಮೊದಲು ಸಿಕ್ಕಿದ ಒಂದನ್ನು ಮಾತ್ರ ಓದುತ್ತದೆ. ಯಾವುದೋ ಇನ್‌ಸ್ಟಾಲರ್ ಹೊಸದಾಗಿ .ಬ್ಯಾಶ್_ಪ್ರೊಫೈಲ್ ಮಾಡಿಟ್ಟರೆ ನಿಮ್ಮ .ಪ್ರೊಫೈಲ್ ಸದ್ದಿಲ್ಲದೆ ಮೂಲೆಗೆ ಸೇರುತ್ತದೆ. ನಿನ್ನೆ ಇದ್ದ ಪಾತ್ ಇವತ್ತು ಮಾಯ. ಲಾಗಿನ್ ಅಲ್ಲದ ಇಂಟರಾಕ್ಟಿವ್ (ನೀವು ಕೂತು ಟೈಪ್ ಮಾಡುವ) ಶೆಲ್ಲಿಗೆ ಇವು ಯಾವುವೂ ಬೇಡ, .ಬ್ಯಾಶ್‌ಆರ್‌ಸಿ ಸಾಕು.

ಹಾಗಾಗಿ ಎಕ್ಸ್‌ಪೋರ್ಟ್‌ಗಳು (ಪಾತ್‌ನಂತೆ ಬೇರೆ ಪ್ರೋಗ್ರಾಂಗಳಿಗೂ ಸಿಗುವ ವೇರಿಯಬಲ್‌ಗಳು) .ಪ್ರೊಫೈಲ್‌ಗೆ, ಏಲಿಯಾಸ್, ಪ್ರಾಂಪ್ಟ್, ಕಂಪ್ಲೀಷನ್ (ಟ್ಯಾಬ್ ಒತ್ತಿದರೆ ಕಮಾಂಡ್ ಪೂರ್ತಿಯಾಗುವುದು) .ಬ್ಯಾಶ್‌ಆರ್‌ಸಿಗೆ. .ಬ್ಯಾಶ್_ಪ್ರೊಫೈಲ್‌ನಲ್ಲಿ ಎರಡನ್ನೂ ಸೋರ್ಸ್ ಮಾಡುವ (ಅಲ್ಲೇ ಓದಿ ಓಡಿಸುವ) ಎರಡು ಸಾಲು, ಅಷ್ಟೇ. ಉಬುಂಟು, ಡೆಬಿಯನ್‌ನಲ್ಲಿ ಬರುವ .ಪ್ರೊಫೈಲ್ ತಾನೇ .ಬ್ಯಾಶ್‌ಆರ್‌ಸಿಯನ್ನು ಸೋರ್ಸ್ ಮಾಡುತ್ತದೆ. ಅಲ್ಲಿ .ಪ್ರೊಫೈಲ್‌ನ ಒಂದೇ ಸಾಲು ಹಾಕಿ, ಇಲ್ಲದಿದ್ದರೆ ಎಲ್ಲವೂ ಎರಡೆರಡು ಸಲ ಓಡುತ್ತವೆ.

ಉತ್ತರ: ಸರ್ವರ್ ಇದೆ ಎಂದಿರಿ, ಇದನ್ನೂ ನೋಡಿಕೊಳ್ಳಿ. ಎಸ್‌ಎಸ್‌ಎಚ್ (ದೂರದ ಯಂತ್ರಕ್ಕೆ ಲಾಗಿನ್ ಆಗುವ ಟೂಲ್) ಮೂಲಕ ಬರೀ ಒಂದು ಕಮಾಂಡ್ ಕಳಿಸಿದರೂ ಬ್ಯಾಶ್ ಅಲ್ಲಿನ .ಬ್ಯಾಶ್‌ಆರ್‌ಸಿ ಓದುತ್ತದೆ. ಅದರಲ್ಲೊಂದು ಎಕೋ (ಅಕ್ಷರಗಳನ್ನು ಮುದ್ರಿಸುವ ಕಮಾಂಡ್) ಇದ್ದರೆ ಆ ಅಕ್ಷರಗಳು ಫೈಲು ನಕಲಿಸುವ ಆರ್‌ಸಿಂಕ್ ಟೂಲ್‌ನ ಡೇಟಾದೊಳಗೆ ಬೆರೆತು ‘ಪ್ರೊಟೊಕಾಲ್ ವರ್ಷನ್ ಮಿಸ್‌ಮ್ಯಾಚ್’ ಎಂಬ ಎರರ್ ಬರುತ್ತದೆ. ಜನ ಆರ್‌ಸಿಂಕ್ ವರ್ಷನ್ ಬದಲಿಸುತ್ತಾ ಕೂರುತ್ತಾರೆ! ಫೈಲಿನ ತಲೆಯಲ್ಲೇ ಡಾಲರ್-ಹೈಫನ್ ($-) ವೇರಿಯಬಲ್‌ನಲ್ಲಿ ‘ಐ’ (i, ಇಂಟರಾಕ್ಟಿವ್‌ನ ಗುರುತು) ಅಕ್ಷರ ಇದೆಯೇ ನೋಡಿ, ಇಲ್ಲದಿದ್ದರೆ ಅಲ್ಲಿಂದಲೇ ರಿಟರ್ನ್ ಮಾಡಿಸಿ.

ಮ್ಯಾಕ್‌ನಲ್ಲಿ 2019ರ ಕ್ಯಾಟಲೀನಾ ಆವೃತ್ತಿಯಿಂದ ಝಡ್‌ಎಸ್‌ಎಚ್ ಎಂಬ ಬೇರೆ ಶೆಲ್ ಡಿಫಾಲ್ಟ್. ಪಾತ್ ಅನ್ನು .ಝಡ್‌ಎಸ್‌ಎಚ್‌ಎನ್ವ್‌ನಲ್ಲಿ ಬರೆದರೆ ಆಮೇಲೆ ಓಡುವ ಮ್ಯಾಕ್‌ನದೇ ಪಾತ್-ಹೆಲ್ಪರ್ ಟೂಲ್ ಅದರ ಕ್ರಮವನ್ನೇ ಬದಲಿಸುತ್ತದೆ; .ಝಡ್‌ಪ್ರೊಫೈಲ್‌ನಲ್ಲಿ ಬರೆಯಿರಿ. ಏಲಿಯಾಸ್‌ಗಳನ್ನು ಬೇರೆ ಫೈಲಿನಲ್ಲಿಟ್ಟು ಎರಡೂ ಶೆಲ್‌ಗಳಿಂದ ಸೋರ್ಸ್ ಮಾಡಿ.

ಉತ್ತರ: ಟೂಲ್ ಕೇಳಿದ್ದಿರಲ್ಲ. ಮೂರು ಯಂತ್ರದಲ್ಲೂ ಫೈಲುಗಳು ಹೆಚ್ಚು ಕಡಿಮೆ ಒಂದೇ ಆಗಿದ್ದರೆ ಸ್ಟೋ ಸಾಕು. ಹೋಮ್ (ನಿಮ್ಮ ಸ್ವಂತ ಫೋಲ್ಡರ್) ಒಳಗೆ ಡಾಟ್‌ಫೈಲ್ಸ್ ಎಂಬ ಫೋಲ್ಡರ್, ಅದರೊಳಗೆ ಬ್ಯಾಶ್, ಗಿಟ್, ವಿಮ್ ಎಂದು ಪ್ಯಾಕೇಜಿಗೊಂದು ಫೋಲ್ಡರ್. ‘ಸ್ಟೋ ಬ್ಯಾಶ್’ ಎಂದರೆ ಹೋಮ್‌ನಲ್ಲಿ ಸಿಮ್‌ಲಿಂಕ್ (ಅಸಲಿ ಫೈಲಿನತ್ತ ತೋರಿಸುವ ಕೊಂಡಿ) ಸಿದ್ಧ. ಮೊದಲು ಹೈಫನ್ ಎನ್, ಹೈಫನ್ ವಿ ಹಾಕಿ ಏನು ಮಾಡಲಿದೆ ಎಂದು ನೋಡಿ. ಒಂದು ಕಿರಿಕಿರಿ: .ಕಾನ್ಫಿಗ್ ಫೋಲ್ಡರ್ ಮೊದಲೇ ಇರದಿದ್ದರೆ ಸ್ಟೋ ಇಡೀ ಫೋಲ್ಡರಿಗೇ ಒಂದು ಲಿಂಕ್ ಹಾಕುತ್ತದೆ. ಆಮೇಲೆ ಬೇರೆ ಪ್ರೋಗ್ರಾಂಗಳು ಬರೆಯುವುದೆಲ್ಲ ನಿಮ್ಮ ರೆಪೊ ಒಳಗೆ ಬಂದು ಬೀಳುತ್ತದೆ. ‘ನೋ-ಫೋಲ್ಡಿಂಗ್’ ಆಯ್ಕೆ ಇರುವುದು ಅದಕ್ಕೇ.

ಯಂತ್ರಕ್ಕೊಂದು ಇಮೇಲ್, ಯಂತ್ರಕ್ಕೊಂದು ಪಾತ್ ಬೇಕಿದ್ದರೆ ಮಾತ್ರ ಶೇಮ್ವಾ. ಅದರಲ್ಲಿ ಯಂತ್ರಕ್ಕೆ ತಕ್ಕಂತೆ ತುಂಬುವ ಟೆಂಪ್ಲೇಟ್ ಇದೆ. ಆದರೆ ಅದು ಸಾಮಾನ್ಯವಾಗಿ ಲಿಂಕ್ ಮಾಡುವುದಿಲ್ಲ, ನಕಲು ಮಾಡುತ್ತದೆ. ಹೋಮ್‌ನಲ್ಲಿರುವ ಫೈಲನ್ನೇ ನೇರವಾಗಿ ತಿದ್ದಿದರೆ ರೆಪೊಗೆ ಅದು ಗೊತ್ತಾಗುವುದಿಲ್ಲ. ಬೇರ್ ರೆಪೊ ಹಗುರ, ಆದರೆ ಹೋಮ್ ಡೈರೆಕ್ಟರಿಯೇ ವರ್ಕ್-ಟ್ರೀ (ಗಿಟ್ ಫೈಲುಗಳನ್ನು ಇಟ್ಟು ನೋಡುವ ಫೋಲ್ಡರ್). ಅದಕ್ಕೆಂದು ಮಾಡಿಕೊಂಡ ಗಿಟ್ ಏಲಿಯಾಸ್‌ನಿಂದ ಅಪ್ಪಿತಪ್ಪಿ ‘ಕ್ಲೀನ್’ಗೆ ಫೋರ್ಸ್ ಕೊಟ್ಟರೆ ಟ್ರ್ಯಾಕ್ ಆಗದ ಫೈಲುಗಳು ಹೋದವೇ. ನಾನಂತೂ ಯಾರಿಗೂ ಅದನ್ನು ಹೇಳುವುದಿಲ್ಲ.

ಪ್ರಶ್ನೆ ಕೇಳಿದವರು: ಸ್ಟೋ ಪ್ರಯತ್ನಿಸಿದೆ, ಕಾನ್‌ಫ್ಲಿಕ್ಟ್ ಎಂದು ನಿಂತಿತು.

ಉತ್ತರ: ಹೋಮ್‌ನಲ್ಲಿ ಅದೇ ಹೆಸರಿನ ನಿಜವಾದ ಫೈಲ್ ಇದೆ, ಅದಕ್ಕೆ. ಅದನ್ನು .ಓಲ್ಡ್ ಎಂದು ಹೆಸರು ಬದಲಿಸಿ ಮತ್ತೆ ಓಡಿಸಿ. ‘ಅಡಾಪ್ಟ್’ ಆಯ್ಕೆಯೂ ಉಂಟು; ಆದರೆ ಅದು ಹೋಮ್‌ನ ಫೈಲನ್ನು ತಂದು ರೆಪೊದಲ್ಲಿರುವುದರ ಮೇಲೆ ಬರೆಯುತ್ತದೆ. ಕಮಿಟ್ ಮಾಡದೆ (ಗಿಟ್‌ನಲ್ಲಿ ದಾಖಲಿಸದೆ) ಅದನ್ನು ಮುಟ್ಟಬೇಡಿ. ಮಾಡಿದ್ದರೆ ಗಿಟ್ ಡಿಫ್ ನೋಡಿ ಬೇಕಾದ್ದನ್ನು ವಾಪಸ್ ತರಬಹುದು.

ಉತ್ತರ: ಟೋಕನ್ ಬಗ್ಗೆ ಯಾರೂ ಹೇಳಲಿಲ್ಲ. ಮೊದಲ ಕಮಿಟ್‌ಗೂ ಮುಂಚೆ ಅದನ್ನು .ಬ್ಯಾಶ್‌ಆರ್‌ಸಿ.ಲೋಕಲ್ ಎಂಬ ಬೇರೆ ಫೈಲಿಗೆ ಸಾಗಿಸಿ, ಗಿಟ್‌ಇಗ್ನೋರ್‌ಗೆ (ಗಿಟ್ ಕಡೆಗಣಿಸಬೇಕಾದ ಫೈಲುಗಳ ಪಟ್ಟಿ) ಸೇರಿಸಿ, ಪರ್ಮಿಷನ್ 600 (ನೀವು ಮಾತ್ರ ಓದಿ ಬರೆಯುವಂತೆ) ಮಾಡಿ. ‘ಇದ್ದರೆ ಮಾತ್ರ ಸೋರ್ಸ್ ಮಾಡು’ ಎಂಬ ಸಾಲು .ಬ್ಯಾಶ್‌ಆರ್‌ಸಿಯ ಕೊನೆಯಲ್ಲಿರಲಿ. ಈಗಾಗಲೇ ಪುಶ್ ಆಗಿದ್ದರೆ (ದೂರದ ರೆಪೊಗೆ ಹೋಗಿದ್ದರೆ) ಸಾಲು ಅಳಿಸಿ ಪ್ರಯೋಜನವಿಲ್ಲ, ಹಿಸ್ಟರಿಯಲ್ಲಿ ಉಳಿದೇ ಇರುತ್ತದೆ. ಆ ಟೋಕನ್ ರದ್ದು ಮಾಡಿ ಹೊಸದು ತೆಗೆದುಕೊಳ್ಳಿ.

ಸರ್ವರ್‌ನಲ್ಲಿ ಬದಲಾಯಿಸುವಾಗ ‘ಬ್ಯಾಶ್ ಹೈಫನ್ ಎನ್’ನಿಂದ ಸಿಂಟ್ಯಾಕ್ಸ್ ನೋಡಿಕೊಳ್ಳಿ. ಹಳೆಯ ಸೆಷನ್ ಮುಚ್ಚದೆ, ಇನ್ನೊಂದು ಟರ್ಮಿನಲ್‌ನಿಂದ ಲಾಗಿನ್ ಆಗಿ ಪರೀಕ್ಷಿಸಿ.