ಹತ್ತನೆಯವನು ಯಾರು?

ಮುಂಬೈಯ ಮಾಟುಂಗಾದ ಶೆಟ್ಟರ ಹೋಟೆಲಿನಲ್ಲಿ ಭಾನುವಾರ ಸಂಜೆ ಸೇರುವ ನಮ್ಮ ಮಂಡಳಿ ಈ ಸಲ ಅಮೆರಿಕದ ವಲಸೆ ನೀತಿಯನ್ನು ವಿಚಾರಣೆಗೆ ಎತ್ತಿಕೊಂಡಿತ್ತು. ಶೆಟ್ಟರ ಮಗ ಅಲ್ಲಿ ಕಾಯಂ ನೆಲೆಸಲು ಬೇಕಾದ ಗ್ರೀನ್ ಕಾರ್ಡಿನ ಸಾಲಿನಲ್ಲಿ ನಿಂತೇ ಇರುವುದರಿಂದ ಫಿರ್ಯಾದಿಯೂ ಅವರೇ, ನ್ಯಾಯಾಧೀಶರೂ ಅವರೇ.

"ಉದ್ಯೋಗದ ಆಧಾರದ ಮೇಲೆ ಕೊಡುವ ಕಾರ್ಡುಗಳಲ್ಲಿ ಒಂದು ದೇಶದವರಿಗೆ ಶೇ. 7ರ ಮಿತಿಯಂತೆ. ನೂರನಲವತ್ತು ಕೋಟಿ ಜನರಿರುವ ನಮಗೂ ಅಷ್ಟೇ, ಉಡುಪಿ ಜಿಲ್ಲೆಯ ಅರ್ಧದಷ್ಟೂ ಜನರಿಲ್ಲದ ಐಸ್‌ಲ್ಯಾಂಡಿಗೂ ಅಷ್ಟೇ! ಅದು ಸಾಲದೆಂದು 2025ರ ಸೆಪ್ಟೆಂಬರಿನಲ್ಲಿ ಎಚ್-1ಬಿ ಎಂಬ ಉದ್ಯೋಗ ವೀಸಾದ ಹೊಸ ಅರ್ಜಿಗಳ ಮೇಲೆ 1,00,000 ಡಾಲರ್ ಶುಲ್ಕ ಹೇರಿದರು. ದುಡಿಯಲು ಬಂದವನನ್ನು ಹೀಗೆ ನಡೆಸಿಕೊಳ್ಳುವುದು ಯಾವ ನ್ಯಾಯ?" ಎಂದು ಶೆಟ್ಟರು ಮೇಜು ಗುದ್ದಿದಾಗ ನನ್ನ ಕಾಫಿ ಬಸಿಗೆ ಇಳಿಯಿತು.

ಕಾರ್ಮಿಕ ಇಲಾಖೆಯಿಂದ ನಿವೃತ್ತರಾದ ರಾಯರು ಇಂಥ ಅವಕಾಶವನ್ನು ಬಿಡುವವರಲ್ಲ. "ನಮ್ಮಲ್ಲಿ 1979ರ ಕಾಯ್ದೆಯ ಪ್ರಕಾರ ಗುತ್ತಿಗೆದಾರನು ಕರೆತಂದವನು ಮಾತ್ರ ಅಂತರರಾಜ್ಯ ವಲಸೆ ಕಾರ್ಮಿಕನಾಗಿದ್ದ. ಮಾವನ ಹಿಂದೆ ಬಸ್ಸು ಹತ್ತಿ ಬಂದು ನಿಮ್ಮಲ್ಲಿ ಮೇಜು ಒರೆಸಲು ನಿಂತ ಹುಡುಗ ಆ ಲೆಕ್ಕಕ್ಕೇ ಇರಲಿಲ್ಲ. 29 ಕಾನೂನುಗಳನ್ನು ಅರೆದು ಮಾಡಿದ ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಂದು ಜಾರಿಗೆ ಬಂದ ಮೇಲೆ, ತಾನಾಗಿಯೇ ಬಂದವನೂ ಲೆಕ್ಕಕ್ಕೆ ಸೇರಿದ್ದಾನೆ. ಅವನ ತಿಂಗಳ ವೇತನ 18,000 ರೂಪಾಯಿ ಮೀರಿರಬಾರದು, ಅಷ್ಟೇ. ಊರಿಗೆ ಹೋಗಿ ಬರುವ ಪ್ರಯಾಣದ ಖರ್ಚನ್ನೂ ಮಾಲೀಕರೇ ಕೊಡಬೇಕು."

ಶೆಟ್ಟರ ಮುಖದಿಂದ ಅಮೆರಿಕ ಥಟ್ಟನೆ ಮಾಯವಾಯಿತು. "ಎಲ್ಲ ಹೋಟೆಲುಗಳೂ ಕೊಡಬೇಕೋ?"

"ಅಂಥವರು ಹತ್ತು ಮಂದಿ ಇದ್ದರೆ ಮಾತ್ರ. ಹಿಂದೆ ಐದಿತ್ತು, ಈಗ ಹತ್ತಾಗಿದೆ." ಸುಧಾರಣೆ ಎಂದರೆ ಒಂದು ಕೈಯಲ್ಲಿ ಬಡಿಸಿ ಇನ್ನೊಂದು ಕೈಯಲ್ಲಿ ಎಲೆ ಎಳೆಯುವುದೋ ಎಂದು ನನಗನ್ನಿಸಿತು, ಏಕೆಂದರೆ ಈ ನಗರದಲ್ಲಿ ಏಳೆಂಟು ಹುಡುಗರಿಂದ ನಡೆಯುವ ಖಾನಾವಳಿಗಳಿಗೆ ಬರವಿಲ್ಲ.

ಗಲ್ಲೆಯಲ್ಲಿದ್ದ ಪೂಜಾರಿಗೆ ಎಣಿಸುವ ಆಜ್ಞೆಯಾಯಿತು. ದೋಸೆ ಹುಯ್ಯುವವನು ಕುಂದಾಪುರದವನು, ರುಬ್ಬುವವರಿಬ್ಬರು ಒಡಿಶಾದವರು, ಹೀಗೆ ಬೆರಳು ಮಡಚುತ್ತ, "ನೇಪಾಳದ ಬಹಾದ್ದೂರನೂ ಸೇರಿ ಹತ್ತು, ಧಣಿಗಳೇ" ಎಂದ.

"ನೇಪಾಳ ಯಾವ ರಾಜ್ಯದಲ್ಲಿದೆ? ಅದು ಪರದೇಶ. 1950ರ ಒಪ್ಪಂದವಿರುವುದರಿಂದ ಅವನು ವೀಸಾ ಇಲ್ಲದೆ ಬಂದಿದ್ದಾನೆ, ಅಂತರರಾಜ್ಯದವನಾಗಿ ಅಲ್ಲ. ಅಲ್ಲಿಗೆ ಒಂಬತ್ತೇ!" ಶೆಟ್ಟರು ವಕೀಲರಾಗಬೇಕಿತ್ತು.

ರಾಯರು ಕಣ್ಣು ಮುಚ್ಚಿ ವೇದಾಂತಕ್ಕೆ ಇಳಿದರು. "ಕಥೆಯಲ್ಲಿ ನದಿ ದಾಟಿದ ಹತ್ತು ಮಂದಿ ಶಿಷ್ಯರು ಕೂಡ ತಮ್ಮ ತಮ್ಮನ್ನೇ ಬಿಟ್ಟು ಎಣಿಸಿ ಒಂಬತ್ತೇ ಎಂದು ಅತ್ತಿದ್ದರು. ಪೂಜಾರಿ, ನಿನ್ನ ಊರು ಯಾವುದು?"

"ಕಾರ್ಕಳ."

"ಸಂಬಳ?"

"ಹದಿನೇಳು ಸಾವಿರ."

"ದಶಮಸ್ತ್ವಮಸಿ! ಹತ್ತನೆಯವನು ನೀನೇ."

ಮೂರು ವರ್ಷಗಳಿಂದ ಸಂಬಳ ಏರಿಸಿರೆಂದು ಕೇಳಿ ಕೇಳಿ ಸೋತಿದ್ದ ಪೂಜಾರಿ ಪಿಳಿಪಿಳಿ ನೋಡುತ್ತಿರುವಾಗಲೇ ಶೆಟ್ಟರು ಘೋಷಿಸಿದರು: "ಈ ತಿಂಗಳಿನಿಂದ ನಿನಗೆ 18,001 ರೂಪಾಯಿ. ಹೋಗು, ರಾಯರಿಗೆ ಬಿಲ್ಲು ಕೊಡು."