ದಾಖಲೆ ಸರ್ವರ್‌ನ ಡೆಬ್ ಪ್ಯಾಕೇಜ್: ರೆಕಮೆಂಡ್ಸ್‌ಗೆ ಏನು ಹಾಕಲಿ, ಸಜೆಸ್ಟ್ಸ್‌ಗೆ ಏನು ಬಿಡಲಿ?

ತುಂಗೆ_ತೀರ:

ಎಲ್ಲರಿಗೂ ನಮಸ್ಕಾರ. ನಮ್ಮ ಕಡೆಯ ಕೆಲವು ಗ್ರಂಥಾಲಯಗಳು ಹಳೆ ಪತ್ರಿಕೆ, ಸಭೆಗಳ ನಡಾವಳಿ, ಲೆಕ್ಕದ ಪುಸ್ತಕ ಎಲ್ಲವನ್ನೂ ಸ್ಕ್ಯಾನ್ ಮಾಡಿಡುತ್ತಿವೆ. ಆ ಪಿಡಿಎಫ್‌ಗಳನ್ನು ಅಪ್‌ಲೋಡ್ ಮಾಡಿ ಒಳಗಿನ ಪದ ಹುಡುಕೋಕೆ ಒಂದು ಸಣ್ಣ ಸರ್ವರ್ ಸಾಫ್ಟ್‌ವೇರ್ ಬರೆದಿದ್ದೇನೆ. ಪೈಥಾನ್‌ನಲ್ಲಿದೆ, ಹಿಂದೆ ಪೋಸ್ಟ್‌ಗ್ರೆಸ್ ಡೇಟಾಬೇಸ್. ಇಷ್ಟು ದಿನ ಪ್ರತಿ ಕಡೆಗೂ ನಾನೇ ಎಸ್‌ಎಸ್‌ಎಚ್‌ನಲ್ಲಿ (ದೂರದಿಂದಲೇ ಸರ್ವರ್ ಒಳಗೆ ಹೋಗೋ ದಾರಿ) ಹೋಗಿ ಕೈಯಾರೆ ಹಾಕಿಕೊಡ್ತಿದ್ದೆ. ಈಗ ಡೆಬಿಯನ್ 12 ಲಿನಕ್ಸ್‌ಗೆ ಡೆಬ್ (ಇನ್‌ಸ್ಟಾಲ್ ಮಾಡೋ ಪ್ಯಾಕೇಜ್ ಫೈಲ್) ಕಟ್ಟಿ, ನಮ್ಮದೇ ರೆಪೊದಲ್ಲಿಟ್ಟು, ಪ್ಯಾಕೇಜ್ ಇಳಿಸಿ ಹಾಕೋ ಆಪ್ಟ್ ಕಮಾಂಡ್‌ನಲ್ಲಿ ‘ಆಪ್ಟ್ ಇನ್‌ಸ್ಟಾಲ್ ಹೊಡೀರಿ ಸಾಕು’ ಅಂತ ಹೇಳೋ ಸ್ಥಿತಿಗೆ ತರಬೇಕು.

ಜೊತೆಗೆ ಯಾವ ಯಾವ ಪ್ಯಾಕೇಜ್ ಬೇಕು ಅಂತ ಬರೆಯೋ ಕಂಟ್ರೋಲ್ ಫೈಲಿನಲ್ಲಿ ಡಿಪೆಂಡ್ಸ್ ಸಾಲು ಸುಲಭವಾಗಿ ಮುಗಿಯಿತು. ಯಾವುದಿಲ್ಲದೆ ಪ್ರೋಗ್ರಾಂ ಶುರುವೇ ಆಗಲ್ಲವೋ ಅದೆಲ್ಲ ಅಲ್ಲಿಗೆ. ತಲೆ ಕೆಟ್ಟಿರೋದು ಮಿಕ್ಕಿದ್ದರಲ್ಲಿ: ಆಪ್ಟ್ ಮಾಮೂಲಾಗಿ ಜೊತೆಗೇ ಹಾಕೋ ರೆಕಮೆಂಡ್ಸ್, ಹೆಸರು ಮಾತ್ರ ಸೂಚಿಸಿ ತಾನಾಗಿ ಹಾಕದ ಸಜೆಸ್ಟ್ಸ್. ಅಕ್ಷರ ಓದೋಕೆ ಟೆಸೆರಾಕ್ಟ್ ಮತ್ತು ಅದರ ಕನ್ನಡ ಡೇಟಾ ಪ್ಯಾಕೇಜ್. ಪುಟದ ಸಣ್ಣ ಚಿತ್ರ ತೋರಿಸೋಕೆ ಪಾಪ್ಲರ್-ಯುಟಿಲ್ಸ್. ಯಾರಾದರೂ ವರ್ಡ್ ಫೈಲ್ ಹಾಕಿದರೆ ಪಿಡಿಎಫ್ ಮಾಡೋಕೆ ಲಿಬ್ರೆಆಫೀಸ್. ವೈರಸ್ ನೋಡೋಕೆ ಕ್ಲಾಮ್‌ಎವಿ. ಮೇಲ್ ಕಳಿಸೋಕೆ ಒಂದು ಎಂಟಿಎ (ಮೇಲ್ ಸರ್ವರ್). ಮುಂದೆ ನಿಲ್ಲಿಸೋಕೆ ಎನ್‌ಜಿನ್‌ಎಕ್ಸ್ ವೆಬ್ ಸರ್ವರ್. ಇನ್ನು ಪೋಸ್ಟ್‌ಗ್ರೆಸ್ ಸರ್ವರ್ ಅದೇ ಮೆಷಿನ್‌ನಲ್ಲೇ ಇರಬೇಕು ಅಂತೇನೂ ಇಲ್ಲ.

ಎಲ್ಲವನ್ನೂ ರೆಕಮೆಂಡ್ಸ್‌ಗೆ ಹಾಕಿ ಖಾಲಿ ವರ್ಚುವಲ್ ಮೆಷಿನ್ ಒಂದರಲ್ಲಿ ನೋಡಿದೆ. ಆಪ್ಟ್ ತೋರಿಸಿದ ಪಟ್ಟಿ ಪರದೆ ದಾಟಿ ಹೋಯಿತು. ಒಂದು ಗ್ರಂಥಾಲಯದ ಹತ್ತಿರ ಇರೋದು 2 ಜಿಬಿ ರ್‍ಯಾಮ್‌ನ ವಿಪಿಎಸ್ (ಬಾಡಿಗೆ ವರ್ಚುವಲ್ ಸರ್ವರ್). ಇನ್ನೊಂದು ಕಡೆ ಡೇಟಾಬೇಸ್‌ಗೇ ಬೇರೆ ಮೆಷಿನ್ ಇದೆ. ಜೊತೆಗೆ ಕೆಲಸ ಮಾಡೋ ಹುಡುಗ ಹೇಳೋದು, ‘ಎಲ್ಲಾ ಡಿಪೆಂಡ್ಸ್‌ಗೇ ಹಾಕಿಬಿಡಿ ಸರ್, ಫೋನ್ ಬರೋದು ತಪ್ಪುತ್ತೆ’ ಅಂತ. ನನಗೆ ಮನಸ್ಸು ಒಪ್ಪುತ್ತಿಲ್ಲ. ನೀವೆಲ್ಲ ಹೇಗೆ ತೀರ್ಮಾನ ಮಾಡ್ತೀರಿ?

ಬೇರು_ಖಾತೆ:

ನನ್ನ ಸರ್ವರ್‌ಗಳಲ್ಲೆಲ್ಲ ಆಪ್ಟ್ ಕಾನ್ಫಿಗರೇಶನ್‌ನಲ್ಲಿ ಇನ್‌ಸ್ಟಾಲ್-ರೆಕಮೆಂಡ್ಸ್ ‘ಫಾಲ್ಸ್’, ಅಂದರೆ ಆಫ್. ಡಾಕರ್ ಇಮೇಜ್‌ನಲ್ಲಂತೂ ಕೇಳೋದೇ ಬೇಡ. ನೀವು ಅಲ್ಲಿ ಏನು ಬರೆದರೂ ನನ್ನ ಹತ್ತಿರ ಬರೋದು ಡಿಪೆಂಡ್ಸ್ ಮಾತ್ರ. ಆದ್ದರಿಂದ ಡಿಪೆಂಡ್ಸ್ ಆದಷ್ಟು ಸಣ್ಣದಿಡಿ, ಮಿಕ್ಕಿದ್ದು ರೀಡ್‌ಮಿಯಲ್ಲಿ ಬರೆಯಿರಿ. ಪೈಥಾನ್3-ಪಿಪ್ ಹಾಕಿದರೆ ರೆಕಮೆಂಡ್ಸ್ ಹೆಸರಲ್ಲಿ ಬಿಲ್ಡ್-ಎಸೆನ್ಷಿಯಲ್ ಬಂದು, ಸರ್ವರ್ ಮೇಲೆ ಇಡೀ ಸಿ ಕಂಪೈಲರ್ ಕೂರುತ್ತೆ. ಯಾರಿಗೆ ಬೇಕು ಅದು? 2024ರಲ್ಲಿ ಎಕ್ಸ್‌ಝಡ್ ಅನ್ನೋ ಫೈಲ್ ಕುಗ್ಗಿಸೋ ಸಾಫ್ಟ್‌ವೇರ್‌ಗೆ ಹಿಂಬಾಗಿಲು ಸೇರಿಸಿದ ಕಥೆ ಎಲ್ಲರಿಗೂ ನೆನಪಿರಬೇಕಲ್ಲ. ಬೇಡದ ಲೈಬ್ರರಿ ಒಂದು ಎಸ್‌ಎಸ್‌ಎಚ್ ಡೀಮನ್ (ಹಿನ್ನೆಲೆಯಲ್ಲಿ ಓಡುತ್ತಿರೋ ಪ್ರೋಗ್ರಾಂ) ಒಳಗೆ ಕೂತಿತ್ತು, ಹಿಂಬಾಗಿಲು ಬಂದಿದ್ದೇ ಅದರಿಂದ.

ಹಳೇ_ಟರ್ಮಿನಲ್:

ತುಂಗೆಯವರೇ, ನಿಮ್ಮ ಹುಡುಗನ ಮಾತನ್ನೂ ಕೇಳಬೇಡಿ, ಬೇರು_ಖಾತೆಯವರ ಮಾತನ್ನು ಅರ್ಧ ಮಾತ್ರ ಕೇಳಿ.

ಡೆಬಿಯನ್ ಪಾಲಿಸಿಯಲ್ಲಿ ರೆಕಮೆಂಡ್ಸ್ ಬಗ್ಗೆ ಇರೋದು ಇಷ್ಟು: ತೀರಾ ಅಪರೂಪದ ಸಂದರ್ಭ ಬಿಟ್ಟರೆ ಮಿಕ್ಕೆಲ್ಲ ಕಡೆ ಈ ಪ್ಯಾಕೇಜ್ ಜೊತೆಗೇ ಇರುವಂಥದ್ದು. 2009ರಲ್ಲಿ ಬಂದ ಡೆಬಿಯನ್ ಆವೃತ್ತಿ ಲೆನ್ನಿಯಿಂದೀಚೆಗೆ ಆಪ್ಟ್ ಅದನ್ನು ತಾನಾಗೇ ಹಾಕುತ್ತೆ. ಉಬುಂಟು ಅದಕ್ಕೂ ಸ್ವಲ್ಪ ಮುಂಚೆ, 8.10ರಿಂದ. ಅಂದರೆ ರೆಕಮೆಂಡ್ಸ್‌ನಲ್ಲಿ ನೀವು ಬರೆಯೋ ಒಂದೊಂದು ಹೆಸರೂ, ಏನನ್ನೂ ಓದದೆ ಎಂಟರ್ ಒತ್ತೋ ಗ್ರಂಥಪಾಲಕರ ಮೆಷಿನ್‌ಗೆ ಹೋಗುತ್ತೆ. ಬೇರು_ಖಾತೆಯಂಥವರ ಮೆಷಿನ್‌ಗೆ ಹೋಗಲ್ಲ. ಇಬ್ಬರನ್ನೂ ಕಣ್ಣ ಮುಂದೆ ಇಟ್ಟುಕೊಂಡೇ ಬರೆಯಬೇಕು.

ನಾನು ಕೇಳಿಕೊಳ್ಳೋ ಮೊದಲ ಪ್ರಶ್ನೆ: ಇದು ಇಲ್ಲದಿದ್ದರೆ ಪ್ರೋಗ್ರಾಂ ಕೂಗಿ ಹೇಳುತ್ತೋ, ಸುಮ್ಮನೆ ತಪ್ಪು ಕೆಲಸ ಮಾಡುತ್ತೋ?

ನಿಮ್ಮ ಟೆಸೆರಾಕ್ಟನ್ನೇ ತಗೊಳ್ಳಿ. ಡೆಬಿಯನ್‌ನಲ್ಲಿ ಟೆಸೆರಾಕ್ಟ್-ಒಸಿಆರ್ ಹಾಕಿದರೆ ಇಂಗ್ಲಿಷ್ ಡೇಟಾ ಕಡ್ಡಾಯವಾಗಿ ಬರುತ್ತೆ, ಕನ್ನಡದ್ದು ಬರಲ್ಲ. ಕನ್ನಡ ಬೇಕು ಅಂತ ಕೇಳಿ ಅದಿಲ್ಲದಿದ್ದರೆ ಟೆಸೆರಾಕ್ಟ್ ಎರರ್ ಕೊಟ್ಟು ನಿಲ್ಲುತ್ತೆ, ಒಳ್ಳೆಯದೇ. ಆದರೆ ನಿಮ್ಮ ಕೋಡ್ ‘ಕನ್ನಡ ಇಲ್ಲವಾ, ಸರಿ, ಇಂಗ್ಲಿಷ್‌ನಲ್ಲಿ ಓದು’ ಅಂತ ಹೊಂದಿಕೊಂಡು ಹೋದರೆ? ಟೆಸೆರಾಕ್ಟ್ ಕನ್ನಡದ ಪುಟವನ್ನೂ ಬಿಡದೆ ಓದುತ್ತೆ. ಗುಂಡಗಿನ ಅಕ್ಷರಗಳಿಗೆಲ್ಲ ರೋಮನ್ ಅಕ್ಷರ, ಅಂಕಿ, ಬ್ರಾಕೆಟ್ ಜೋಡಿಸಿ ಒಂದು ಕಸದ ರಾಶಿ ಕೊಡುತ್ತೆ. ಅದು ಇಂಡೆಕ್ಸ್‌ಗೆ ಹೋಗುತ್ತೆ, ಲಾಗ್‌ನಲ್ಲಿ ಎಲ್ಲಾ ಹಸಿರು. ಆಮೇಲೆ ಯಾರೋ ‘ಕೆರೆ’ ಅಂತ ಹುಡುಕ್ತಾರೆ, ಏನೂ ಸಿಗಲ್ಲ. ‘ಹಳೆ ಪತ್ರಿಕೆಯಲ್ಲಿ ಕೆರೆ ವಿಷಯ ಇಲ್ಲವೇನೋ’ ಅಂದುಕೊಂಡು ಎದ್ದು ಹೋಗ್ತಾರೆ. ನಿಮಗೆ ಫೋನ್ ಕೂಡ ಬರಲ್ಲ. ಕನ್ನಡ ಡೇಟಾ ಕೆಲವೇ ಎಂಬಿ. ಅದನ್ನು ಕಣ್ಣು ಮುಚ್ಚಿ ರೆಕಮೆಂಡ್ಸ್‌ಗೆ ಹಾಕಿ. ಜೊತೆಗೆ ಆ ಇಂಗ್ಲಿಷ್‌ಗೆ ಜಾರೋ ದಾರಿ ಕೋಡಲ್ಲಿದ್ದರೆ ಮೊದಲು ಅದನ್ನು ಕಿತ್ತುಹಾಕಿ. ಬೇರು_ಖಾತೆಯಂಥವರ ಮೆಷಿನ್‌ನಲ್ಲಿ ಅದು ಹಾಡುಹಗಲೇ ಮೋಸ ಮಾಡುತ್ತೆ.

ಪಾಪ್ಲರ್ ಇಲ್ಲದಿದ್ದರೆ ಚಿತ್ರದ ಜಾಗ ಖಾಲಿ ಕಾಣುತ್ತೆ, ಅಷ್ಟೇ. ಪ್ಯಾಕೇಜ್ ಸಣ್ಣದು, ರೆಕಮೆಂಡ್ಸ್. ಚರ್ಚೆ ಬೇಡ.

ಎರಡನೇ ಪ್ರಶ್ನೆ: ಬರೋದು ಒಂದು ಕಮಾಂಡೋ, ಸದಾ ಓಡುತ್ತಾ ಕೂರೋ ಡೀಮನ್ನೋ? ಕಮಾಂಡ್ ಡಿಸ್ಕ್ ಮೇಲೆ ಬಿದ್ದಿರುತ್ತೆ, ಕರೆದಾಗ ಏಳುತ್ತೆ. ಡೆಬಿಯನ್‌ನಲ್ಲಿ ಡೀಮನ್ ಹಾಗಲ್ಲ, ಹಾಕಿದ ಕ್ಷಣವೇ ಶುರುವಾಗುತ್ತೆ. ಪೋಸ್ಟ್‌ಗ್ರೆಸ್ಕ್ಯೂಎಲ್ ಹಾಕಿದರೆ ‘ಮೇನ್’ ಅನ್ನೋ ಕ್ಲಸ್ಟರ್ (ಡೇಟಾಬೇಸ್‌ಗಳ ಗುಂಪು) ಹುಟ್ಟಿ 5432ನೇ ಪೋರ್ಟ್‌ನಲ್ಲಿ ಕಿವಿಗೊಟ್ಟು ಕೂರುತ್ತೆ. ಡೇಟಾಬೇಸ್ ಬೇರೆ ಮೆಷಿನ್‌ನಲ್ಲಿ ಇಟ್ಟವರಿಗೆ ಇದು, ಮನೆಗೆ ಕರೆದ ಎಲೆಕ್ಟ್ರಿಷಿಯನ್ ತನ್ನ ಸಂಸಾರ ಸಮೇತ ಬಂದು ಇಳಿದ ಹಾಗೆ. ಕ್ಲೈಂಟ್ ಲೈಬ್ರರಿ ಡಿಪೆಂಡ್ಸ್‌ಗೆ, ಸರ್ವರ್ ಸಜೆಸ್ಟ್ಸ್‌ಗೆ. ಡೇಟಾಬೇಸ್ ಸಿದ್ಧಮಾಡೋ ಕೆಲಸಕ್ಕೆ ಡಿಬಿಕಾನ್ಫಿಗ್ ಇದೆ. ‘ಡಿಬಿಕಾನ್ಫಿಗ್-ಪಿಜಿಎಸ್‌ಕ್ಯೂಎಲ್ ಅಥವಾ ಡಿಬಿಕಾನ್ಫಿಗ್-ನೋ-ಥ್ಯಾಂಕ್ಸ್’ ಅಂತ ಬರೆಯಿರಿ. ಎರಡನೆಯದು ನಿಜವಾಗ್ಲೂ ಇರೋ ಪ್ಯಾಕೇಜ್, ತಮಾಷೆ ಅಲ್ಲ. ‘ನನ್ನ ಡೇಟಾಬೇಸ್ ನಾನೇ ನೋಡ್ಕೋತೀನಿ, ಕೈ ಹಾಕಬೇಡ’ ಅನ್ನೋರು ಅದನ್ನು ಹಾಕಿಕೊಳ್ತಾರೆ.

ಕ್ಲಾಮ್‌ಎವಿ ಡೀಮನ್ನನ್ನು ಆ 2 ಜಿಬಿ ಮೆಷಿನ್‌ಗೆ ಕಳಿಸಬೇಡಿ. ವೈರಸ್ ಗುರುತಿಸೋ ಸಹಿ ಪಟ್ಟಿಯನ್ನೆಲ್ಲ ರ್‍ಯಾಮ್‌ನಲ್ಲೇ ಇಟ್ಟುಕೊಳ್ಳುತ್ತೆ, ಒಂದು ಜಿಬಿಗೂ ಮೇಲೆ. ಸಾಲದ್ದಕ್ಕೆ ಹೊಸ ಪಟ್ಟಿ ಬಂದಾಗ ಹಳೇದನ್ನು ಬಿಡೋ ಮುಂಚೆ ಹೊಸದನ್ನೂ ಎತ್ತಿಕೊಳ್ಳುತ್ತೆ. ಆ ಹೊತ್ತಿಗೆ ಕರ್ನಲ್‌ನ ಓಓಎಂ ಕಿಲ್ಲರ್ (ಮೆಮೊರಿ ಸಾಲದಾದಾಗ ಪ್ರೋಗ್ರಾಂ ಮುಗಿಸೋದು) ಬಂದು ಯಾರನ್ನು ಕೊಲ್ಲುತ್ತೆ ಅನ್ನೋದು ಅವರವರ ಹಣೆಬರಹ, ಬಹಳ ಸಲ ಪೋಸ್ಟ್‌ಗ್ರೆಸ್ಸೇ ಸಿಕ್ಕಿಬೀಳುತ್ತೆ. ಕಾನ್‌ಕರೆಂಟ್-ಡೇಟಾಬೇಸ್-ರೀಲೋಡ್ ಆಫ್ ಮಾಡಿದರೆ ಎರಡೆರಡು ಪ್ರತಿ ತಪ್ಪುತ್ತೆ, ಆದರೂ ಇದು ಸಜೆಸ್ಟ್ಸ್ ಮಾತ್ರ. ಸ್ಕ್ಯಾನರ್‌ನಿಂದ ನೇರ ಬರೋ ಪಿಡಿಎಫ್‌ಗೆ ಇದು ಬೇಕಾ ಅನ್ನೋದೇ ಬೇರೆ ಪ್ರಶ್ನೆ.

ಲಿಬ್ರೆಆಫೀಸ್‌ಗೆ ಬೇರೆ ದಾರಿ. ಒಂದೇ ಡೆಬ್ ಕಟ್ಟಬೇಡಿ, ಎರಡು ಕಟ್ಟಿ. ಮೇಲ್ ಸರ್ವರ್ ಡವ್‌ಕಾಟ್‌ನವರು ಸೀವ್, ಮೈಎಸ್‌ಕ್ಯೂಎಲ್ ಎಲ್ಲ ಬೇರೆ ಬೇರೆ ಪ್ಯಾಕೇಜ್ ಮಾಡಿಲ್ಲವಾ, ಹಾಗೆ. ‘ನಿಮ್ಮಹೆಸರು-ಆಫೀಸ್’ ಅನ್ನೋ ಸಣ್ಣ ಪ್ಯಾಕೇಜ್, ಅದರ ಡಿಪೆಂಡ್ಸ್‌ನಲ್ಲಿ ಲಿಬ್ರೆಆಫೀಸ್-ರೈಟರ್-ನೋಗುಯಿ, ಜೊತೆಗೆ ಒಂದು ಕನ್ನಡ ಫಾಂಟ್ ಪ್ಯಾಕೇಜ್: ಲೋಹಿತ್ ಕನ್ನಡ ಇರಲಿ, ಗುಬ್ಬಿ ಇರಲಿ. ಫಾಂಟ್ ಯಾಕೆ ಡಿಪೆಂಡ್ಸ್‌ಗೆ ಅಂತೀರಾ? ಪರದೆಯಿಲ್ಲದ ಸರ್ವರ್‌ನಲ್ಲಿ ಕನ್ನಡ ಫಾಂಟ್ ಇರಲ್ಲ. ಲಿಬ್ರೆಆಫೀಸ್ ಪಿಡಿಎಫ್ ಮಾಡಿ ‘ಆಯ್ತು’ ಅಂತ ಸೊನ್ನೆ ಕೊಟ್ಟು ಹೊರಬರುತ್ತೆ, ಪಿಡಿಎಫ್ ತೆಗೆದರೆ ಚೌಕದ ಸಾಲು. ಮತ್ತೆ ಅದೇ, ಸದ್ದಿಲ್ಲದ ತಪ್ಪು.

ಮೇಲ್: ನಿಮ್ಮ ಪ್ರೋಗ್ರಾಂ ಎಸ್‌ಎಂಟಿಪಿಯಲ್ಲಿ (ಮೇಲ್ ಕಳಿಸೋ ಭಾಷೆ) ತಾನೇ ಮಾತಾಡಿದರೆ ಎಂಟಿಎ ಹೆಸರೇ ಎತ್ತಬೇಡಿ. ರೇಡ್ (ಹಲವು ಡಿಸ್ಕ್‌ಗಳ ಜೋಡಣೆ) ನೋಡಿಕೊಳ್ಳೋ ಎಂಡಿಎಡಿಎಂ ತನ್ನ ರೆಕಮೆಂಡ್ಸ್‌ನಲ್ಲಿ ಮೇಲ್ ಸರ್ವರ್ ಹೇಳೋದಕ್ಕೆ ಕಾರಣ ಇದೆ. ರೇಡ್‌ನ ಡಿಸ್ಕ್ ಹೋದಾಗ ಯಾರಿಗಾದರೂ ಗೊತ್ತಾಗಬೇಕಲ್ಲ. ‘ನಿಮ್ಮ ಅಪ್‌ಲೋಡ್ ಮುಗಿಯಿತು’ ಅನ್ನೋಕೆ ಎಕ್ಸಿಮ್ ಅನ್ನೋ ಇಡೀ ಮೇಲ್ ಸರ್ವರ್ ಹೊತ್ತು ತರೋದು ಅನ್ಯಾಯ.

ಬೇರು_ಖಾತೆಯವರೇ, ಕಂಪೈಲರ್ ವಿಷಯದಲ್ಲಿ ನಿಮ್ಮ ಜೊತೆಗೇ ಇದ್ದೇನೆ. ಎಕ್ಸ್‌ಝಡ್ ಉದಾಹರಣೆ ಮಾತ್ರ ಇಲ್ಲಿಗೆ ಹೊಂದಲ್ಲ. ಎಸ್‌ಎಸ್‌ಎಚ್‌ಡಿಗೆ, ಅಂದರೆ ಎಸ್‌ಎಸ್‌ಎಚ್ ಡೀಮನ್‌ಗೆ, ಎಕ್ಸ್‌ಝಡ್‌ನ ಲೈಬ್ರರಿ ಲಿಬ್‌ಎಲ್‌ಝಡ್‌ಎಂಎ ಬಂದಿದ್ದು ಲಿಬ್‌ಸಿಸ್ಟಮ್‌ಡಿ ಮೂಲಕ, ಡಿಸ್ಟ್ರೊಗಳು ಹಾಕಿದ ಪ್ಯಾಚ್‌ನಿಂದ. ಅದು ಗಟ್ಟಿ ಲಿಂಕ್. ರೆಕಮೆಂಡ್ಸ್ ಆಫ್ ಮಾಡಿದವರ ಮೆಷಿನ್‌ನಲ್ಲೂ ಅಷ್ಟೇ ಇರ್ತಿತ್ತು.

ಬೇರು_ಖಾತೆ:

ಒಪ್ಪಿದೆ, ಅದು ಡಿಪೆಂಡ್ಸ್ ಸಮಸ್ಯೆ. ಆದರೆ ಪರಿಹಾರ ಬಂದಿದ್ದು ನನ್ನ ದಾರಿಯಲ್ಲೇ ನೋಡಿ. ಸರ್ವಿಸ್‌ಗಳನ್ನು ನಡೆಸೋ ಸಿಸ್ಟಮ್‌ಡಿಯ 256ನೇ ಆವೃತ್ತಿಯಲ್ಲಿ ಆ ಥರದ ಹಲವು ಲೈಬ್ರರಿಗಳನ್ನು ಬೇಕಾದಾಗ ಮಾತ್ರ ಡಿಎಲ್‌ಓಪನ್‌ನಲ್ಲಿ ತೆಗೆಯೋ ಹಾಗೆ ಮಾಡಿದರು. ಬೈನರಿ ಒಳಗೇ ‘ಇದು ಕಡ್ಡಾಯ, ಇದು ರೆಕಮೆಂಡೆಡ್, ಇದು ಸಜೆಸ್ಟೆಡ್’ ಅಂತ ಟಿಪ್ಪಣಿ ಇರುತ್ತೆ. ಪ್ಯಾಕೇಜ್ ಕಟ್ಟೋರು ಅದನ್ನು ಓದಿ ಸಾಲು ತುಂಬಬಹುದು.

ಲ್ಯಾಬ್_ಕೀ:

ಕಾಲೇಜಿನ ಸರ್ವರ್‌ಗಳನ್ನು ನೋಡಿಕೊಳ್ತೇನೆ. ರೆಕಮೆಂಡ್ಸ್ ಆಫ್ ಮಾಡೋದರ ಬೆಲೆ ಏನು ಅಂತ ಒಂದು ತಾಜಾ ಉದಾಹರಣೆ ಹೇಳ್ತೇನೆ. ಡೆಬಿಯನ್ 12ರ ಹೊಸ ಇನ್‌ಸ್ಟಾಲ್‌ನಲ್ಲಿ ಲಾಗ್ ಫೈಲ್ ಬರೆಯೋ ಆರ್‌ಸಿಸ್‌ಲಾಗ್ ತಾನಾಗಿ ಬರಲ್ಲ, ಎಲ್ಲಾ ಲಾಗ್ ಸಿಸ್ಟಮ್‌ಡಿಯ ಜರ್ನಲ್‌ನಲ್ಲಿ. ಹಾಗಾಗಿ ಲಾಗಿನ್ ದಾಖಲೆಯ ಆಥ್.ಲಾಗ್ ಫೈಲೇ ಇಲ್ಲ. ಪಾಸ್‌ವರ್ಡ್ ಊಹಿಸಿ ನುಗ್ಗೋರನ್ನು ತಡೆಯೋ ಫೇಲ್‌2ಬ್ಯಾನ್ ಹಾಕಿದರೆ ಅದರ ಎಸ್‌ಎಸ್‌ಎಚ್‌ಡಿ ಜೈಲು (ಎಸ್‌ಎಸ್‌ಎಚ್ ಕಾಯೋ ನಿಯಮ) ಆ ಫೈಲನ್ನೇ ಹುಡುಕಿ, ಸಿಗದೆ, ಸರ್ವಿಸ್ ಬಿದ್ದುಹೋಗುತ್ತೆ. ಬ್ಯಾಕೆಂಡ್‌ಗೆ ‘ಸಿಸ್ಟಮ್‌ಡಿ’ ಅಂತ ಕೊಟ್ಟರೆ ಸರಿ. ಆದರೆ ಅದಕ್ಕೆ ಪೈಥಾನ್3-ಸಿಸ್ಟಮ್‌ಡಿ ಬೇಕು, ಅದಿರೋದು ರೆಕಮೆಂಡ್ಸ್‌ನಲ್ಲಿ. ಆಫ್ ಮಾಡಿದವರಿಗೆ ಎರಡು ಏಟು.

ಆರ್‌ಸಿಸ್‌ಲಾಗ್ ಇದ್ದ ಕಾಲದಲ್ಲಿ ಆ ಮಾಡ್ಯೂಲ್ ಇದ್ದರೂ ಆಯ್ತು, ಇಲ್ಲದಿದ್ದರೂ ಆಯ್ತು. ಕೆಳಗಿನ ಬೇಸ್ ಸಿಸ್ಟಮ್ ಬದಲಾದ ಮೇಲೆ ಅದಿಲ್ಲದೆ ನಡೆಯಲ್ಲ ಅನ್ನೋ ಹಾಗಾಯ್ತು. ಆದ್ದರಿಂದ ತುಂಗೆಯವರೇ, ಈ ಪಟ್ಟಿ ಒಂದು ಸಲ ಬರೆದು ಇಡೋದಲ್ಲ. ಡೆಬಿಯನ್ ಹೊಸ ಆವೃತ್ತಿ ಬಂದಾಗೆಲ್ಲ ಒಂದೊಂದು ಹೆಸರಿನ ಮೇಲೂ ಬೆರಳಿಟ್ಟು ನೋಡಬೇಕು.

ಗಿಟ್ ಕೂಡ ಹಾಗೇ. ಡಾಕರ್‌ನಲ್ಲಿ ರೆಕಮೆಂಡ್ಸ್ ಇಲ್ಲದೆ ಹಾಕಿ ಎಸ್‌ಎಸ್‌ಎಚ್ ವಿಳಾಸದಿಂದ ಕ್ಲೋನ್ ಮಾಡಿ ನೋಡಿ, ‘ಎಸ್‌ಎಸ್‌ಎಚ್ ಅನ್ನೋದೇ ಇಲ್ಲ’ ಅಂತ ಉತ್ತರ ಬರುತ್ತೆ. ವೆಬ್‌ನಿಂದ ಇಳಿಸೋ ಕರ್ಲ್ ಹಾಕಿದರೆ ಸಿಎ-ಸರ್ಟಿಫಿಕೇಟ್ಸ್ (ಸೈಟ್ ಅಸಲಿಯೇ ಅಂತ ನೋಡೋಕೆ ಬೇಕಾದ ಪ್ರಮಾಣಪತ್ರಗಳು) ಇರಲ್ಲ, ಎಚ್‌ಟಿಟಿಪಿಎಸ್ ಎಲ್ಲ ಕೈ ಎತ್ತುತ್ತೆ. ಇವೆರಡೂ ಕೂಗಿ ಹೇಳೋ ಜಾತಿ, ಪುಣ್ಯ.

ತುಂಗೆ_ತೀರ:

ತುಂಬಾ ಉಪಕಾರ ಆಯ್ತು. ಇಂಗ್ಲಿಷ್‌ಗೆ ಜಾರೋ ದಾರಿ ನಿಜಕ್ಕೂ ಕೋಡಲ್ಲಿದೆ, ಇವತ್ತೇ ತೆಗೀತೇನೆ. ಎರಡು ಅನುಮಾನ ಉಳಿದಿವೆ. ಎನ್‌ಜಿನ್‌ಎಕ್ಸ್ ಬಗ್ಗೆ ಯಾರೂ ಹೇಳಲಿಲ್ಲ. ಒಂದು ಕಡೆ ಬೇರೆ ವೆಬ್ ಸರ್ವರ್, ಅಪಾಚೆ, ಆಗಲೇ ಇದೆ. ಮತ್ತೆ, ಪರೀಕ್ಷೆಗೆ ಅಂತ ಎರಡು ಕಡೆ ಹಳೆ ಡೆಬ್ ಕೊಟ್ಟಿದ್ದೆ, ಅದರಲ್ಲಿ ಕ್ಲಾಮ್‌ಎವಿ ರೆಕಮೆಂಡ್ಸ್‌ನಲ್ಲಿತ್ತು. ಈಗ ಸಜೆಸ್ಟ್ಸ್‌ಗೆ ಇಳಿಸಿದರೆ ಅಲ್ಲಿ ತಾನಾಗಿ ಹೋಗುತ್ತಾ?

ಹಳೇ_ಟರ್ಮಿನಲ್:

ಹೋಗಲ್ಲ. ಬೇಡವಾದ ಪ್ಯಾಕೇಜ್ ತೆಗೆಯೋ ಆಪ್ಟ್‌ನ ಆಟೋರಿಮೂವ್ ರೆಕಮೆಂಡ್ಸ್ ಅಷ್ಟೇ ಅಲ್ಲ, ಸಜೆಸ್ಟ್ಸ್ ಅನ್ನೂ ನೋಡುತ್ತೆ. ಯಾವುದಾದರೂ ಪ್ಯಾಕೇಜ್ ಅದನ್ನು ‘ಸಜೆಸ್ಟ್’ ಮಾಡ್ತಿದ್ದರೆ ಸಾಕು, ಮುಟ್ಟದೆ ಬಿಡುತ್ತೆ. ಆ ಎರಡು ಕಡೆ ನೀವೇ ಹೋಗಿ ತೆಗೆಯಬೇಕು. ತಿರುಗುಮುರುಗಾಗಿಯೂ ನೆನಪಿರಲಿ: ಮೊದಲೇ ಇದ್ದ ರೆಕಮೆಂಡ್ಸನ್ನು ಯಾರಾದರೂ ಬೇಕಂತಲೇ ತೆಗೆದಿದ್ದರೆ, ಮುಂದಿನ ಅಪ್‌ಗ್ರೇಡ್‌ನಲ್ಲಿ ಆಪ್ಟ್ ಅದನ್ನು ಮತ್ತೆ ಹೇರಲ್ಲ. ಮರ್ಯಾದಸ್ಥ.

ಎನ್‌ಜಿನ್‌ಎಕ್ಸ್‌ಗೆ ರೆಕಮೆಂಡ್ಸ್‌ನಲ್ಲಿ ‘ಎನ್‌ಜಿನ್‌ಎಕ್ಸ್ ಅಥವಾ ಎಚ್‌ಟಿಟಿಪಿಡಿ’ ಅಂತ ಹಾಕಿ. ಎಚ್‌ಟಿಟಿಪಿಡಿ ಅನ್ನೋದು ವರ್ಚುವಲ್ ಹೆಸರು, ಅಪಾಚೆ ಇದ್ದರೂ ತೃಪ್ತಿಯಾಗುತ್ತೆ. ಏನೂ ಇಲ್ಲದಿದ್ದರೆ ಮೊದಲ ಹೆಸರು ಬರುತ್ತೆ, ಆದ್ದರಿಂದ ಕ್ರಮ ಯೋಚಿಸಿ ಬರೆಯಿರಿ. ಪಿಎಚ್‌ಪಿ ಪ್ಯಾಕೇಜ್‌ನ ಸಾಲು ನೋಡಿ: ಮೊದಲು ಅಪಾಚೆ ಮಾಡ್ಯೂಲ್, ಆಮೇಲೆ ಅಪಾಚೆ ಇಲ್ಲದೆಯೂ ನಡೆಯೋ ಎಫ್‌ಪಿಎಂ. ಎನ್‌ಜಿನ್‌ಎಕ್ಸ್ ಇಟ್ಟುಕೊಂಡವರು ಬರೀ ‘ಪಿಎಚ್‌ಪಿ’ ಅಂತ ಹಾಕಿದರೆ ಅಪಾಚೆ ಬಂದು 80ನೇ ಪೋರ್ಟ್‌ಗೆ ಜಗಳ ತೆಗೆಯೋದು ಇದಕ್ಕೇ.

ಮಲೆ_ಕರ್ನಲ್:

ನಡುವೆ ಬಾಯಿ ಹಾಕ್ತಿದ್ದೇನೆ. ಫೆಡೋರಾ ಲಿನಕ್ಸ್‌ನಲ್ಲೂ ಇದೇ ಲೆಕ್ಕವಾ?

ಲ್ಯಾಬ್_ಕೀ:

ಹೆಚ್ಚುಕಮ್ಮಿ ಇದೇ. ಅಲ್ಲಿನ ಪ್ಯಾಕೇಜ್ ವ್ಯವಸ್ಥೆ ಆರ್‌ಪಿಎಂ, 2014ರ ಅದರ 4.12ರಿಂದ ಅಲ್ಲೂ ರೆಕಮೆಂಡ್ಸ್, ಸಜೆಸ್ಟ್ಸ್ ಇವೆ. ಬೇಡದವರು ಅಲ್ಲಿ ಆಪ್ಟ್ ಜಾಗದಲ್ಲಿರೋ ಡಿಎನ್‌ಎಫ್‌ನಲ್ಲಿ ಇನ್‌ಸ್ಟಾಲ್-ವೀಕ್-ಡೆಪ್ಸ್ ಆಫ್ ಮಾಡ್ತಾರೆ. ಆರ್ಚ್‌ನಲ್ಲಿ ಮಾತ್ರ ಬೇರೆ: ಪ್ಯಾಕ್‌ಮ್ಯಾನ್ ಆಪ್ಷನಲ್ ಪಟ್ಟಿಯನ್ನು ಓದಿ ತೋರಿಸುತ್ತೆ, ತಾನಾಗಿ ಒಂದನ್ನೂ ಹಾಕಲ್ಲ.

ಹಳೇ_ಟರ್ಮಿನಲ್:

ತುಂಗೆಯವರೇ, ಹೊಸ ಡೆಬ್ ಕಟ್ಟಿದ ಮೇಲೆ ಎರಡು ಖಾಲಿ ಕಂಟೇನರ್ ಎಬ್ಬಿಸಿ, ಒಂದರಲ್ಲಿ ಮಾಮೂಲಿ, ಇನ್ನೊಂದರಲ್ಲಿ ರೆಕಮೆಂಡ್ಸ್ ಇಲ್ಲದೆ ಹಾಕಿ. ಎರಡರಲ್ಲೂ ಒಂದೇ ಕನ್ನಡ ಪಿಡಿಎಫ್ ಅಪ್‌ಲೋಡ್ ಮಾಡಿ. ಆಪ್ಟ್-ಗೆಟ್‌ಗೆ ‘-ಎಸ್’ ಕೊಟ್ಟರೆ ಏನನ್ನೂ ಹಾಕದೆ ಬರೀ ಪಟ್ಟಿ ತೋರಿಸುತ್ತೆ. ಆ ಪಟ್ಟಿ, ಎರಡೂ ಕಡೆಯ ಲಾಗ್ ಇಲ್ಲೇ ಅಂಟಿಸಿ, ನೋಡೋಣ.