ಸಹಾಯ ಬೇಕು: ಧಾರವಾಡ ಕೆಮಿಸ್ಟ್ರಿ ವಿಭಾಗದ ಹಳೇ ಕಾಗದಪತ್ರ

ನಮಸ್ಕಾರ, ನಾನಿರೋದು ಬೆಳಗಾವಿಯಲ್ಲಿ. ಕರ್ನಾಟಕ ವಿಶ್ವವಿದ್ಯಾಲಯದ ಕೆಮಿಸ್ಟ್ರಿ ವಿಭಾಗದ ಹಳೇ ದಾಖಲೆ ಹುಡುಕುತ್ತಿದ್ದೇನೆ. 1949ರಲ್ಲಿ ಮುಂಬಯಿಯಲ್ಲಿ ಶುರುವಾಗಿ ಮರುವರ್ಷ ಧಾರವಾಡಕ್ಕೆ ಬಂದ ವಿಶ್ವವಿದ್ಯಾಲಯ ಅದು, 2010ರಲ್ಲಿ ಬೆಳಗಾವಿಯಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಬೇರೆಯಾಗಿ ಶುರುವಾಗೋವರೆಗೂ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಬಹುತೇಕ ಡಿಗ್ರಿ ಕಾಲೇಜುಗಳು ಅದಕ್ಕೇ ಸೇರಿದ್ದವು, ಹಾಗಾಗಿ ಅಲ್ಲಿ ಎಂ.ಎಸ್ಸಿ. ಮಾಡಿದವರು ನಮ್ಮ ಕಡೆ ಜಾಸ್ತಿ ಅಲ್ವಾ?

ಸದ್ಯ ನನ್ನ ಹತ್ತಿರ ಇರೋದು ಅಪ್ಪನ ಪ್ರಾಕ್ಟಿಕಲ್ ಜರ್ನಲ್ ಒಂದೇ. ಪರ್ಮಾಂಗನೇಟ್ ಬಿದ್ದು ಕಂದು ಕಲೆಯಾದ ಹಾಳೆ, ಟೈಟ್ರೇಶನ್ ರೀಡಿಂಗ್ ಪಕ್ಕ ಕೆಂಪು ಶಾಯಿಯ ಸಹಿ. ಆ ಸಹಿ ಯಾವ ಮೇಷ್ಟ್ರದು ಅಂತ ತಿಳಿಯಬೇಕು. ಹಳೇ ಪ್ರಾಸ್ಪೆಕ್ಟಸ್, ಪ್ರಶ್ನೆಪತ್ರಿಕೆ, ಗ್ರೂಪ್ ಫೋಟೋ ಏನಿದ್ದರೂ ಮೊಬೈಲಲ್ಲಿ ತೆಗೆದು ಕಳಿಸಿ. ಫೋಟೋ ಹಿಂದೆ ಹೆಸರು ಬರೆದಿದ್ದರೆ ಅದನ್ನೂ ತೆಗೆಯಿರಿ, ನಿಜ ಹೇಳಬೇಕಂದ್ರೆ ಅದೇ ಮುಖ್ಯ. ಸುಮ್ನೆ ಲ್ಯಾಮಿನೇಶನ್ ಮಾಡಿಸೋಕೆ ಹೋಗಬೇಡಿ, ಕಾಗದ ಹಾಳಾಗುತ್ತೆ.